ಕೊನೆಯ ಹತ್ತು ಮೀಟರ್ ಮಕ್ಕಳಿಗೆ ಬಿಡಿ: ಪ್ರವಾಸದಲ್ಲಿ ಮನೆಮಂದಿಯೆಲ್ಲ ಆಡುವ ಜಿಯೋಕ್ಯಾಶಿಂಗ್

ಮರದ ಬೇರಿನ ಸಂದಿಯಲ್ಲಿ ಮೂರು ಕಲ್ಲು ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿದ್ದವು. ಮಳೆ ನೀರು ಕಲ್ಲನ್ನು ಹಾಗೆ ಜೋಡಿಸುವುದಿಲ್ಲ, ಮನುಷ್ಯರು ಜೋಡಿಸುತ್ತಾರೆ. ಅದನ್ನು ಗಮನಿಸಿದ್ದು ನಾನಲ್ಲ. ಮೊಬೈಲ್ ಹಿಡಿದುಕೊಂಡು ಮರಕ್ಕೆ ಪ್ರದಕ್ಷಿಣೆ ಹಾಕುತ್ತಿದ್ದ ನನ್ನ ಗಂಡನೂ ಅಲ್ಲ. ಆರು ವರ್ಷದ ಮಗಳು. ಕಲ್ಲು ಸರಿಸಿದರೆ ಹಿಂದೆ ಅಂಗೈಯಗಲದ ಒಂದು ಪ್ಲಾಸ್ಟಿಕ್ ಡಬ್ಬಿ. ಒಳಗೆ ಒಂದು ಪುಟ್ಟ ಪುಸ್ತಕ, ಒಂದು ಗೋಲಿ, ತುಕ್ಕು ಹಿಡಿದ ಕೀಚೈನು. ಅವಳು ಗೋಲಿ ತೆಗೆದುಕೊಂಡು, ತಲೆಯಲ್ಲಿದ್ದ ಕ್ಲಿಪ್ ಬಿಚ್ಚಿ ಡಬ್ಬಿಗೆ ಹಾಕಿದಳು. ಆ ಊರಿನಲ್ಲಿ ನಾವು ಏನೇನು ನೋಡಿದೆವು ಅಂತ ಈಗ ಕೇಳಿದರೆ ಅವಳಿಗೆ ನೆನಪಿರುವುದು ಆ ಮರ ಒಂದೇ.

ಇದೇ ಜಿಯೋಕ್ಯಾಶಿಂಗ್. ಯಾರೋ ಒಬ್ಬರು ನೀರು ಇಳಿಯದ ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಉಳಿದವರು ಅದನ್ನು ಹುಡುಕಿ, ಒಳಗಿರುವ ಹಾಳೆಯಲ್ಲಿ ಹೆಸರು ಬರೆದು, ಇದ್ದ ಜಾಗದಲ್ಲೇ ಮುಚ್ಚಿಟ್ಟು ಬರುತ್ತಾರೆ. ಅಷ್ಟೇ ಆಟ. ಡಬ್ಬಿಗೆ ಆಟಗಾರರು ಕ್ಯಾಶ್ ಅನ್ನುತ್ತಾರೆ. ದುಡ್ಡಿನ ಕ್ಯಾಶ್ ಅಲ್ಲ, ಬಚ್ಚಿಟ್ಟದ್ದು ಅಂತ ಅರ್ಥ. ಜಗತ್ತಿನಲ್ಲಿ ಇಂಥವು 30 ಲಕ್ಷಕ್ಕೂ ಜಾಸ್ತಿ ಇವೆ. ಅಂಟಾರ್ಕ್ಟಿಕಾದಲ್ಲೂ ಇವೆ.

ಆಟದ ಹುಟ್ಟಿನ ಕತೆ ಚಿಕ್ಕದು. ಮೊದಲು ಅಮೆರಿಕ ಸರ್ಕಾರ ಜನಸಾಮಾನ್ಯರಿಗೆ ಸಿಗುವ ಜಿಪಿಎಸ್ ಸಂಕೇತವನ್ನು ಬೇಕಂತಲೇ ಕೆಡಿಸಿ ಕೊಡುತ್ತಿತ್ತು. ಲೆಕ್ಕ 100 ಮೀಟರ್‌ವರೆಗೂ ತಪ್ಪುತ್ತಿತ್ತು. 2000ದ ಮೇ ತಿಂಗಳ ಆರಂಭದಲ್ಲಿ ಆ ಅಡ್ಡಿಯನ್ನು ತೆಗೆದರು. ಅದಾಗಿ ಒಂದೆರಡು ದಿನಕ್ಕೇ, ಮೇ 3ರಂದು, ಡೇವ್ ಅಲ್ಮರ್ ಎಂಬುವರು ಒರೆಗಾನ್ ರಾಜ್ಯದ ಕಾಡಂಚಿನಲ್ಲಿ ಒಂದು ಕಪ್ಪು ಬಕೆಟ್ ಇಟ್ಟು, ಅದರ ಸ್ಥಾನವನ್ನು ಇಂಟರ್‌ನೆಟ್‌ನಲ್ಲಿ ಬರೆದರು. ಬಕೆಟ್‌ನಲ್ಲಿ ಪುಸ್ತಕ, ಸಿನಿಮಾ ಕ್ಯಾಸೆಟ್, ಒಂದು ಕವಣೆ, ಬೀನ್ಸ್ ತುಂಬಿದ ಒಂದು ಟಿನ್ನು ಇದ್ದವು. ಒಂದಿಷ್ಟು ತೆಗೆದುಕೊಳ್ಳಿ, ಒಂದಿಷ್ಟು ಇಡಿ ಅನ್ನುವುದು ಅವರ ನಿಯಮ. ಇವತ್ತಿಗೂ ಅದೇ ನಿಯಮ ನಡೆಯುತ್ತಿದೆ. ಬೀನ್ಸ್ ಮಾತ್ರ ಯಾರೂ ಇಡುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಈಗ ಒಂದು ಮುಖ್ಯ ಮಾತು. ಬಯಲಿನಲ್ಲಿ ಒಳ್ಳೆಯ ಮೊಬೈಲ್ ತೋರಿಸುವ ಜಾಗ ಸುಮಾರು 5 ಮೀಟರ್ ಆಚೀಚೆ ಇರುತ್ತದೆ. ಡಬ್ಬಿ ಬಚ್ಚಿಟ್ಟವರ ಮೊಬೈಲಿಗೂ ಅಷ್ಟೇ ತಪ್ಪು ಇದ್ದಿರುತ್ತದೆ. ಎರಡೂ ಸೇರಿದರೆ ಹತ್ತು ಮೀಟರ್. ಅಂದರೆ ಯಂತ್ರದ ಕೆಲಸ ಹತ್ತು ಮೀಟರ್ ಮುಂಚೆಯೇ ಮುಗಿಯಿತು. ಅಲ್ಲಿಂದ ಮುಂದೆ ಕಣ್ಣು, ಕೈ, ತಲೆ. ಮನೆಮಂದಿಯ ಆಟ ಶುರುವಾಗುವುದೇ ಅಲ್ಲಿ. ಅದಕ್ಕೇ ನಮ್ಮ ಮನೆಯಲ್ಲಿ ಒಂದು ಕಟ್ಟುನಿಟ್ಟು: ಹತ್ತು ಮೀಟರ್ ಅಂತ ತೋರಿಸಿದ ಕೂಡಲೇ ಮೊಬೈಲ್ ಜೇಬಿಗೆ.

ಹೊರಡುವ ಮುಂಚೆ, ಮನೆಯಲ್ಲೇ

ಮೊದಲು ಒಂದು ಖಾತೆ ತೆರೆಯಿರಿ. ಜಿಯೋಕ್ಯಾಶಿಂಗ್ ಅನ್ನುವ ಹೆಸರಿನ ಆ್ಯಪ್‌ನಲ್ಲೇ ಡಬ್ಬಿಗಳು ಎಲ್ಲಕ್ಕಿಂತ ಜಾಸ್ತಿ. ಮನೆಗೆಲ್ಲ ಒಂದೇ ಖಾತೆ ಸಾಕು, ಅದು ದೊಡ್ಡವರ ಹೆಸರಲ್ಲಿರಲಿ. ಆಟದ ಹೆಸರು ಎಲ್ಲರಿಗೂ ಕಾಣುತ್ತದೆ, ಹಾಗಾಗಿ ಮಕ್ಕಳ ನಿಜವಾದ ಹೆಸರು ಅದರಲ್ಲಿ ಬೇಡ. ಹೆಸರು ಆರಿಸುವ ಕೆಲಸವನ್ನು ಮಕ್ಕಳಿಗೇ ಕೊಡಿ. ಆದರೆ ಚಿಕ್ಕ ಹೆಸರಿರಲಿ. ನಾವು ಹುಮ್ಮಸ್ಸಿನಲ್ಲಿ ಉದ್ದದ ಹೆಸರು ಇಟ್ಟುಕೊಂಡು, ಬೆರಳಗಲದ ಹಾಳೆಯಲ್ಲಿ ಅದನ್ನು ಬರೆಯಲು ಪ್ರತಿ ಸಲ ಒದ್ದಾಡುತ್ತೇವೆ.

ಉಚಿತ ಖಾತೆಯಲ್ಲಿ ಎಲ್ಲ ಡಬ್ಬಿಗಳೂ ತೆರೆದುಕೊಳ್ಳುವುದಿಲ್ಲ, ಸುಲಭದವು ಸಿಗುತ್ತವೆ. ಶುರು ಮಾಡುವವರಿಗೆ ಅದೇ ಬೇಕಾದದ್ದು, ಹಾಗಾಗಿ ಮೊದಲೇ ದುಡ್ಡು ಕಟ್ಟಬೇಡಿ. ನಾಲ್ಕಾರು ಡಬ್ಬಿ ಸಿಕ್ಕ ಮೇಲೂ ಮಕ್ಕಳು ಮತ್ತೆ ಕೇಳಿದರೆ ಆಗ ಯೋಚನೆ ಮಾಡಿ. ಆಂಡ್ರಾಯ್ಡ್ ಮೊಬೈಲ್ ಇದ್ದವರಿಗೆ ಸಿ:ಜಿಯೋ ಅನ್ನುವ ಉಚಿತ ಆ್ಯಪ್ ಕೂಡ ಇದೆ. ಕೆಲವು ದೇಶಗಳಲ್ಲಿ ಓಪನ್‌ಕ್ಯಾಶಿಂಗ್ ಎಂಬ ಪ್ರತ್ಯೇಕ ಪಟ್ಟಿಯೂ ನಡೆಯುತ್ತದೆ.

ಈಗ ಹೋಗುವ ಊರಿನ ನಕ್ಷೆ ತೆರೆಯಿರಿ. ಬಣ್ಣಬಣ್ಣದ ಗುರುತು ನೂರಾರು ಕಾಣಬಹುದು. ಎಲ್ಲದರ ಹಿಂದೆ ಬಿದ್ದರೆ ಪ್ರವಾಸ ಹೋಗಿ ಪಾಡಾಗುತ್ತದೆ. ಆರಿಸುವಾಗ ನಾನು ನೋಡುವುದು ಇಷ್ಟು.

ಹಸಿರು ಡಬ್ಬಿಯ ಗುರುತು ಅಂದರೆ ಟ್ರೆಡಿಷನಲ್. ಕೊಟ್ಟ ಜಾಗದಲ್ಲೇ ಡಬ್ಬಿ ಇರುತ್ತದೆ. ಹೊಸಬರು ಇದರಿಂದಲೇ ಶುರು ಮಾಡಬೇಕು. ಮಲ್ಟಿ ಅಂದರೆ ಒಂದು ಜಾಗದಲ್ಲಿ ಸಿಗುವ ಸುಳಿವು ಇನ್ನೊಂದು ಜಾಗಕ್ಕೆ ಕರೆದೊಯ್ಯುತ್ತದೆ. ಚೆನ್ನಾಗಿರುತ್ತದೆ, ಆದರೆ ಅರ್ಧ ದಿನ ನುಂಗುತ್ತದೆ. ನೀಲಿ ಪ್ರಶ್ನಾರ್ಥಕ ಚಿಹ್ನೆ ಇದ್ದರೆ ಹುಷಾರು. ಅದು ಮಿಸ್ಟರಿ ಕ್ಯಾಶ್. ನಕ್ಷೆಯಲ್ಲಿ ತೋರಿಸಿದ ಜಾಗದಲ್ಲಿ ಏನೂ ಇರದೇ ಇರಬಹುದು. ಒಗಟು ಬಿಡಿಸಿದ ಮೇಲೆಯೇ ನಿಜವಾದ ಜಾಗ ಗೊತ್ತಾಗುವುದು, ಅದು ಎರಡು ಮೂರು ಕಿಲೋಮೀಟರ್ ದೂರವೂ ಆಗಬಹುದು. ಇದು ಗೊತ್ತಿಲ್ಲದೆ ನಾವು ಒಂದು ಸಂಜೆ ಪ್ರಶ್ನಾರ್ಥಕ ಚಿಹ್ನೆಯ ಮೇಲೆಯೇ ನಿಂತು ನಲವತ್ತು ನಿಮಿಷ ಪೊದೆ ಕೆದಕಿದ್ದೇವೆ. ವಿವರಣೆಯ ಮೊದಲ ಸಾಲಿನಲ್ಲೇ "ಡಬ್ಬಿ ಇಲ್ಲಿಲ್ಲ" ಅಂತ ಬರೆದಿತ್ತು. ಓದಿದವರು ಯಾರು?

ಆಮೇಲೆ ಗಾತ್ರ. ಮೈಕ್ರೋ ಅಂದರೆ ಹಳೇ ಕ್ಯಾಮೆರಾ ರೀಲಿನ ಡಬ್ಬಿಯಷ್ಟು, ಇನ್ನೂ ಚಿಕ್ಕದೂ ಇರುತ್ತದೆ. ಒಳಗೆ ಸುರುಳಿ ಸುತ್ತಿದ ಹಾಳೆ ಬಿಟ್ಟರೆ ಬೇರೇನಕ್ಕೂ ಜಾಗವಿಲ್ಲ. ಸ್ಮಾಲ್ ಅಂದರೆ 100 ಮಿಲಿಲೀಟರ್‌ನಿಂದ 1 ಲೀಟರ್‌ವರೆಗೆ. ರೆಗ್ಯುಲರ್ ಅಂದರೆ 1 ಲೀಟರ್‌ನಿಂದ 20 ಲೀಟರ್. ಮಕ್ಕಳಿದ್ದರೆ ಸ್ಮಾಲ್ ಅಥವಾ ರೆಗ್ಯುಲರ್ ಇರುವುದನ್ನೇ ಹುಡುಕಿ. ಪೇಟೆಗಳಲ್ಲಿ ಮೈಕ್ರೋಗಳದ್ದೇ ರಾಜ್ಯ, ಉದ್ಯಾನ ಮತ್ತು ಕಾಡುದಾರಿಗಳಲ್ಲಿ ದೊಡ್ಡವು ಸಿಗುತ್ತವೆ. ಮೊದಲ ಡಬ್ಬಿಯಲ್ಲೇ ಬರೀ ಕಾಗದ ಸಿಕ್ಕರೆ ಚಿಕ್ಕ ಮಕ್ಕಳ ಮುಖ ಬಾಡಿಹೋಗುತ್ತದೆ.

ಪ್ರತಿ ಡಬ್ಬಿಗೂ ಎರಡು ಅಂಕ ಇರುತ್ತವೆ, 1ರಿಂದ 5ರವರೆಗೆ, ಅರ್ಧರ್ಧ ಏರುತ್ತಾ. ಮೊದಲನೆಯದು ಹುಡುಕುವುದು ಎಷ್ಟು ಕಷ್ಟ ಅನ್ನುವುದಕ್ಕೆ, ಎರಡನೆಯದು ಅಲ್ಲಿಗೆ ಹೋಗುವ ದಾರಿ ಎಷ್ಟು ಕಷ್ಟ ಅನ್ನುವುದಕ್ಕೆ. ದಾರಿಯ ಅಂಕ 1 ಇದ್ದರೆ ಗಾಲಿಕುರ್ಚಿ, ಮಗುವಿನ ತಳ್ಳುಗಾಡಿ ಹೋಗುವಂಥ ಸಮತಟ್ಟು ದಾರಿ ಅಂತ ಲೆಕ್ಕ. 5 ಇದ್ದರೆ ಹಗ್ಗ, ದೋಣಿ ಅಂಥದ್ದೇನಾದರೂ ಬೇಕಾಗುತ್ತದೆ. ಮೊದಲ ಪ್ರವಾಸಕ್ಕೆ ಎರಡೂ ಅಂಕ 2 ದಾಟದಿರಲಿ. ಅಜ್ಜ ಅಜ್ಜಿ ಜೊತೆಗಿದ್ದರೆ ಮೊದಲು ಎರಡನೇ ಅಂಕ ನೋಡಿ, ಆಮೇಲೆ ಉಳಿದದ್ದು.

ಇನ್ನು ಎಲ್ಲಕ್ಕಿಂತ ಮುಖ್ಯ, ಎಲ್ಲರೂ ಮರೆಯುವುದು: ಕೊನೆಯದಾಗಿ ಯಾವಾಗ ಸಿಕ್ಕಿತ್ತು? ಹಿಂದೆ ಹೋದವರು ಬರೆದ ಟಿಪ್ಪಣಿಗಳು ಅಲ್ಲೇ ಕೆಳಗಿರುತ್ತವೆ. ಹೋದ ವಾರ ಯಾರಿಗೋ ಸಿಕ್ಕಿದ್ದರೆ ಡಬ್ಬಿ ಇದೆ ಅಂತ ಧೈರ್ಯವಾಗಿ ಹೋಗಬಹುದು. ಕೊನೆಯ ಮೂರು ನಾಲ್ಕು ಜನ "ಸಿಗಲಿಲ್ಲ" ಅಂತ ಬರೆದಿದ್ದರೆ ಅದನ್ನು ಬಿಟ್ಟುಬಿಡಿ. ಪ್ರವಾಸದ ಎರಡು ಗಂಟೆಯನ್ನು ಇಲ್ಲದ ಡಬ್ಬಿಗೆ ಸುರಿಯಬಾರದು.

ದಿನಕ್ಕೆ ಎಷ್ಟು? ನನ್ನ ಲೆಕ್ಕದಲ್ಲಿ ಒಂದು, ತಪ್ಪಿದರೆ ಎರಡು. ಹೇಗಿದ್ದರೂ ನೋಡಲು ಹೋಗುವ ಜಾಗದ ಹತ್ತಿರ ಇರುವುದನ್ನು ಆರಿಸಿ. ಉದ್ದದ ರಸ್ತೆ ಪ್ರಯಾಣವಾದರೆ ಕಾಲು ಚಾಚಲು ನಿಲ್ಲಿಸುವ ಜಾಗದ ಪಕ್ಕದ್ದು ಒಂದು ಇರಲಿ. ಎಷ್ಟೋ ಡಬ್ಬಿಗಳು ನಮ್ಮನ್ನು ಗೈಡ್‌ಗಳು ತೋರಿಸದ ಕಡೆಗೆ ಕರೆದೊಯ್ದಿವೆ. ಹಳೇ ಬಾವಿ, ಮುರಿದ ಸೇತುವೆ, ಇಡೀ ಊರು ಕಾಣುವ ಬಂಡೆ. ಬಚ್ಚಿಡುವವರು ಆ ಊರಿನವರೇ ಆಗಿರುವುದರಿಂದ ತಮಗೆ ಇಷ್ಟವಾದ ಜಾಗಕ್ಕೇ ನಮ್ಮನ್ನು ಎಳೆಯುತ್ತಾರೆ.

ಆರಿಸಿದ್ದನ್ನು ಮೊಬೈಲಿಗೆ ಇಳಿಸಿಕೊಳ್ಳಿ. ಹೋದ ಕಡೆ ನೆಟ್‌ವರ್ಕ್ ಇರುತ್ತದೆ ಅಂತ ನಂಬಬೇಡಿ. ಪಟ್ಟಿಯನ್ನು ಇಳಿಸಿಡುವ ಸೌಲಭ್ಯ ದುಡ್ಡು ಕಟ್ಟಿದವರಿಗೆ ಇದೆ. ಉಚಿತ ಖಾತೆಯವರು ವಿವರಣೆ, ಸುಳಿವು, ಅಕ್ಷಾಂಶ ರೇಖಾಂಶದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರೆ ಆಯಿತು. ಜಿಪಿಎಸ್ ಓಡಲು ಇಂಟರ್‌ನೆಟ್ ಬೇಕಿಲ್ಲ, ಆಕಾಶ ಕಂಡರೆ ಸಾಕು.

ಚೀಲದಲ್ಲಿ ಏನಿರಬೇಕು

ಪೆನ್ಸಿಲ್. ಪೆನ್ ಅಲ್ಲ. ಒದ್ದೆ ಹಾಳೆಯ ಮೇಲೆ ಪೆನ್ ಜಾರುತ್ತದೆ, ಪೆನ್ಸಿಲ್ ಬರೆಯುತ್ತದೆ. ಒಂದು ಸಲ ಎರಡನ್ನೂ ಮರೆತು ಹೋಗಿದ್ದೆವು. ಕಡ್ಡಿಯ ತುದಿಗೆ ಕೆಸರು ಮೆತ್ತಿ ನಮ್ಮ ಹೆಸರಿನ ಮೊದಲ ಅಕ್ಷರ ಗೀಚಿ ಬಂದೆವು. ಸಹಿ ಇಲ್ಲದಿದ್ದರೆ ಸಿಕ್ಕಿದ್ದಕ್ಕೆ ಲೆಕ್ಕವಿಲ್ಲ, ನೋಡಿ.

ಚಿಮುಟ ಇಟ್ಟುಕೊಳ್ಳಿ. ರೀಲಿನ ಡಬ್ಬಿಯೊಳಗೆ ಗಟ್ಟಿಯಾಗಿ ಕೂತ ಸುರುಳಿ ಬೆರಳಿಗೆ ಬರುವುದಿಲ್ಲ. ಟಾರ್ಚ್, ಒಂದು ಜೊತೆ ಕೈಗವಸು, ಒರೆಸಲು ಒಂದು ಬಟ್ಟೆ, ಒಂದೆರಡು ಜಿಪ್ ಕವರ್. ಚಾರ್ಜ್ ಜಾಸ್ತಿ ಉಳಿಯಲು ಪವರ್ ಬ್ಯಾಂಕ್. ಕಸ ಹೆಕ್ಕಲು ಒಂದು ಚೀಲ. ದಾರಿಯ ಕಸ ಎತ್ತಿಕೊಂಡು ಬರುವುದು ಈ ಆಟದವರ ಹಳೇ ರೂಢಿ. ಅದಕ್ಕೆ ಸಿಐಟಿಒ ಅನ್ನುತ್ತಾರೆ, ಕ್ಯಾಶ್ ಇನ್ ಟ್ರ್ಯಾಶ್ ಔಟ್ ಅನ್ನುವುದರ ಗಿಡ್ಡರೂಪ. ಬದಲಿಗೆ ಇಡಲು ಆಟದ ಸಾಮಾನು: ಗೋಲಿ, ಮಣಿ, ಪುಟ್ಟ ಕಾರು, ಬ್ಯಾಡ್ಜ್, ಬಳಸದ ನಾಣ್ಯ. ಮಕ್ಕಳೇ ತಮ್ಮ ಡಬ್ಬದಿಂದ ಆರಿಸಲಿ. ನೀರು, ತಿಂಡಿ, ಟೋಪಿ ಹೇಳಬೇಕಾಗಿಲ್ಲ ಅಲ್ವಾ.

ಉಪಗ್ರಹದ ಮೂಲಕ ಸಂದೇಶ ಕಳಿಸುವ ಉಪಕರಣ ನಿಮ್ಮ ಹತ್ತಿರ ಇದ್ದರೆ, ಹೊರದೇಶಕ್ಕೆ ಒಯ್ಯುವ ಮುಂಚೆ ಅಲ್ಲಿನ ಕಾನೂನು ನೋಡಿ. ಕೆಲವು ದೇಶಗಳಲ್ಲಿ ಅದಕ್ಕೆ ಅನುಮತಿ ಬೇಕು. ಈ ಆಟಕ್ಕೆ ಮಾಮೂಲಿ ಮೊಬೈಲೇ ಧಾರಾಳ.

ಅಂಕಿಗಳಲ್ಲಿ ಎಡವುವ ಜಾಗ

ಆ್ಯಪ್ ತೋರಿಸುವ ಬಾಣವನ್ನೇ ನಂಬಿ ಹೋಗುವವರಿಗೆ ಈ ತೊಂದರೆ ಇಲ್ಲ. ಅಂಕಿಗಳನ್ನು ಇನ್ನೊಂದು ನಕ್ಷೆಗೆ ಕೈಯಾರೆ ಹಾಕುವವರು ಇದನ್ನು ಓದಲೇಬೇಕು. ಜಿಯೋಕ್ಯಾಶಿಂಗ್‌ನಲ್ಲಿ ಸ್ಥಾನವನ್ನು ಡಿಗ್ರಿ ಮತ್ತು ನಿಮಿಷದಲ್ಲಿ ಬರೆಯುತ್ತಾರೆ. ನಿಮಿಷಕ್ಕೆ ಮೂರು ದಶಾಂಶ. ಉದಾಹರಣೆಗೆ 20 ಡಿಗ್ರಿ 34.500 ನಿಮಿಷ. ಇದನ್ನು ನಾನು ಒಂದು ಸಲ ನಕ್ಷೆಯಲ್ಲಿ 20.34500 ಅಂತ ಹೊಡೆದೆ. ಒಂದೇ ಅಂಕಿಗಳು, ಅದೇ ಸಾಲು, ಏನು ತಪ್ಪಿದೆ ಅನ್ನಿಸುತ್ತದೆ ಅಲ್ವಾ? ಒಂದು ಡಿಗ್ರಿಗೆ 60 ನಿಮಿಷ. 34.5ನ್ನು 60ರಿಂದ ಭಾಗಿಸಿದರೆ 0.575. ಹಾಗಾಗಿ ಸರಿಯಾದದ್ದು 20.575. ನಾನು ಹೊಡೆದದ್ದಕ್ಕೂ ಇದಕ್ಕೂ ಇರುವ ಅಂತರ 0.23 ಡಿಗ್ರಿ. ನೆಲದ ಮೇಲೆ ಅದು 25 ಕಿಲೋಮೀಟರಿಗೂ ಜಾಸ್ತಿ. ಕಾರಿನಲ್ಲಿ ಹಿಂದೆ ಕೂತ ಮಗ ಆಗ ಭಾಗಾಕಾರ ಕಲಿಯುತ್ತಿದ್ದ. ಆ ದಿನ ಅವನು ನನಗೆ ಹೇಳಿಕೊಟ್ಟ.

ಕೊನೆಯ ಅಂಕಿ ಒಂದು ಹೆಚ್ಚುಕಮ್ಮಿಯಾದರೆ ಪರವಾಗಿಲ್ಲ, ಉತ್ತರ ದಕ್ಷಿಣವಾಗಿ ಸುಮಾರು 1.85 ಮೀಟರ್ ಅಷ್ಟೇ. ದಶಾಂಶದ ಮೊದಲ ಅಂಕಿ ತಪ್ಪಿದರೆ 185 ಮೀಟರ್. ಮಕ್ಕಳಿಗೆ ಅಕ್ಷಾಂಶ ಅಂದರೆ ಏನು ಅಂತ ಪಾಠ ಹೇಳುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ನಡೆಯುವ ದಾರಿ

ಗಾಡಿ ನಿಲ್ಲಿಸುವ ಜಾಗ ವಿವರಣೆಯಲ್ಲಿ ಕೊಟ್ಟಿದ್ದರೆ ಅಲ್ಲೇ ನಿಲ್ಲಿಸಿ. ಬಾಣ ನೇರ ದಾರಿಯನ್ನು ತೋರಿಸುತ್ತದೆ, ನೀವು ಕಾಲುದಾರಿ ಬಿಡಬೇಡಿ. "ಇನ್ನು 80 ಮೀಟರ್" ಅಂದಾಗ ನಡುವೆ ಹಳ್ಳ ಇರಬಹುದು, ಯಾರದೋ ತೋಟ ಇರಬಹುದು. ಬಹಳ ಸಲ ದಾರಿ ಸುತ್ತಿಕೊಂಡು ತಾನೇ ಅಲ್ಲಿಗೆ ಬರುತ್ತದೆ. ಬೇಲಿ ಹಾರಬೇಕಾಗಿ ಬಂದರೆ ನೀವು ತಪ್ಪು ಕಡೆಯಿಂದ ಬಂದಿದ್ದೀರಿ ಅಂತಲೇ ಅರ್ಥ.

ಈ ಹಂತದಲ್ಲಿ ಮೊಬೈಲ್ ಮಕ್ಕಳ ಕೈಯಲ್ಲಿರಲಿ. ಒಬ್ಬರು ದೂರ ಓದಲಿ, ಇನ್ನೊಬ್ಬರು ದಿಕ್ಕು ಹೇಳಲಿ. ರಸ್ತೆ ದಾಟುವಾಗ, ನೀರಿನ ಅಂಚಿನಲ್ಲಿ ಮಾತ್ರ ಕಿತ್ತುಕೊಳ್ಳಿ. ಪರದೆ ನೋಡುತ್ತಾ ನಡೆಯುವವರಿಗೆ ಕಾಲ ಕೆಳಗಿನ ಗುಂಡಿ ಕಾಣುವುದಿಲ್ಲ, ದೊಡ್ಡವರಿಗೂ.

ದಟ್ಟ ಮರಗಳ ಕೆಳಗೆ, ಎತ್ತರದ ಕಟ್ಟಡಗಳ ನಡುವೆ ಸಂಕೇತ ಅಲ್ಲಿ ಇಲ್ಲಿ ಬಡಿದು ತಡವಾಗಿ ಬರುತ್ತದೆ. ಬಾಣ ಕುಣಿಯುತ್ತದೆ. ಅದರ ಹಿಂದೆ ಓಡಬೇಡಿ. ಒಂದು ನಿಮಿಷ ಸುಮ್ನೆ ನಿಂತರೆ ತಾನೇ ಸಮಾಧಾನವಾಗುತ್ತದೆ. ದಿಕ್ಕೇ ತಪ್ಪು ಅನ್ನಿಸಿದರೆ ಮೊಬೈಲನ್ನು ಗಾಳಿಯಲ್ಲಿ ಇಂಗ್ಲಿಷಿನ ಎಂಟರ ಹಾಗೆ ಎರಡು ಮೂರು ಸಲ ತಿರುಗಿಸಿ. ದಿಕ್ಸೂಚಿ ಸರಿಹೋಗುತ್ತದೆ. ಆಮೇಲೂ ಅನುಮಾನವಿದ್ದರೆ ಎರಡು ಮೂರು ಬೇರೆ ಬೇರೆ ಕಡೆಯಿಂದ ನಡೆದು ಬಂದು, ಬಾಣ ತೋರಿಸುವ ದಿಕ್ಕುಗಳು ಎಲ್ಲಿ ಕೂಡುತ್ತವೆ ನೋಡಿ.

ಹತ್ತು ಮೀಟರ್

ಮೊಬೈಲ್ ಜೇಬಿಗೆ. ಈಗ ಎಲ್ಲರೂ ನಿಂತು ಸುತ್ತ ನೋಡಿ. ಕೈ ಹಾಕುವ ಮುಂಚೆ ಒಂದು ಪ್ರಶ್ನೆ: ನಾನೇ ಬಚ್ಚಿಡುವುದಾಗಿದ್ದರೆ ಎಲ್ಲಿ ಇಡುತ್ತಿದ್ದೆ? ಈ ಪ್ರಶ್ನೆಗೆ ಮಕ್ಕಳ ಹತ್ತಿರ ದೊಡ್ಡವರಿಗಿಂತ ಒಳ್ಳೆ ಉತ್ತರ ಇರುತ್ತದೆ. ದಿನಾ ಕಣ್ಣಾಮುಚ್ಚಾಲೆ ಆಡುವವರು ಅವರು.

ನೈಸರ್ಗಿಕವಾಗಿ ಕಾಣದ್ದನ್ನು ಹುಡುಕಬೇಕು. ಸಾಲಾಗಿ ಇಟ್ಟ ಕಡ್ಡಿಗಳು. ಸುತ್ತಲಿನ ಕಲ್ಲಿಗಿಂತ ಬಣ್ಣ ಬೇರೆ ಇರುವ ಕಲ್ಲು. ಹುಲ್ಲು ತುಳಿದು ಸವೆದ ಒಂದು ಸಣ್ಣ ಜಾಡು, ಎಲ್ಲಿಗೂ ಹೋಗದೆ ಒಂದು ಪೊದೆಯ ಹತ್ತಿರ ನಿಂತುಬಿಟ್ಟಿರುತ್ತದೆ. ಪೇಟೆಯಲ್ಲಾದರೆ ಕಬ್ಬಿಣದ ಕಂಬಿಯ ಅಡಿ, ಬೆಂಚಿನ ಕೆಳಗೆ, ಫಲಕದ ಹಿಂದೆ. ಅಯಸ್ಕಾಂತ ಹಚ್ಚಿದ ಡಬ್ಬಿಗಳು ಅಲ್ಲಿ ಅಂಟಿಕೊಂಡಿರುತ್ತವೆ. ಬೋಲ್ಟ್ ಥರ ಕಾಣುವ ಡಬ್ಬಿಗಳಿವೆ, ಟೊಳ್ಳು ಮಾಡಿದ ಕಟ್ಟಿಗೆ ತುಂಡು, ಪ್ಲಾಸ್ಟಿಕ್ ಕಲ್ಲು ಕೂಡ ಇವೆ. ಒಂದು ಸಲ ನಾನು ಕೂತು ದಣಿವಾರಿಸಿಕೊಳ್ಳುತ್ತಿದ್ದ ಬೆಂಚಿನ ಅಡಿಯಲ್ಲೇ ಡಬ್ಬಿ ಇತ್ತು. ಉಳಿದ ಮೂವರು ಅರ್ಧ ಗಂಟೆ ಸುತ್ತಮುತ್ತ ಜಾಲಾಡಿದ್ದರು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ.

ಕಣ್ಣು ಹೋಗದ ಕಡೆ ಕೈ ಹೋಗಬಾರದು. ಇದೊಂದನ್ನು ಮಕ್ಕಳಿಂದ ಹತ್ತು ಸಲ ಹೇಳಿಸಿ. ಪೊಟರೆ, ಕಲ್ಲಿನ ಸಂದಿ, ಎಲೆ ಗುಡ್ಡೆ, ಯಾವುದಾದರೂ ಸರಿ, ಮೊದಲು ಕೋಲಿನಿಂದ ತಟ್ಟಬೇಕು, ಟಾರ್ಚ್ ಬಿಡಬೇಕು, ಆಮೇಲೆ ಕೈ. ಹಾವು, ಚೇಳು, ಕಣಜಗಳಿಗೂ ಅಂಥ ಜಾಗವೇ ಇಷ್ಟ. ನೆಲ ಅಗೆಯುವುದು, ಗೋಡೆಯ ಕಲ್ಲು ಕೀಳುವುದು, ಗಿಡ ಮುರಿಯುವುದು ಬೇಡವೇ ಬೇಡ. ಅಗೆದು ಹೂಳುವುದನ್ನು ಆಟದ ನಿಯಮವೇ ಒಪ್ಪುವುದಿಲ್ಲ, ಹಾಗಾಗಿ ಅಗೆಯುವ ಪ್ರಶ್ನೆಯೂ ಬರುವುದಿಲ್ಲ. ವಿದ್ಯುತ್ ಪೆಟ್ಟಿಗೆಗಳ ಬಾಗಿಲನ್ನೂ ಮುಟ್ಟಬೇಡಿ.

ಅಣ್ಣ ತಂಗಿ ಜಗಳಕ್ಕೆ ಎರಡು ನಿಯಮ ನಮ್ಮಲ್ಲಿವೆ. ಡಬ್ಬಿ ಕಂಡವರು ಕೂಗಬಾರದು. ಏನೂ ಗೊತ್ತಿಲ್ಲದವರ ಹಾಗೆ ದೂರ ಬಂದು ಕೈ ಕಟ್ಟಿ ನಿಲ್ಲಬೇಕು. ಆಗ ಉಳಿದವರಿಗೂ ಹುಡುಕುವ ಸುಖ ಸಿಗುತ್ತದೆ. ಎರಡನೆಯದು, ಕಂಡವರು ತೆರೆಯುವ ಹಾಗಿಲ್ಲ, ಇನ್ನೊಬ್ಬರು ತೆರೆಯಬೇಕು. ಮೊದಲನೆಯ ನಿಯಮ ಪಾಲಿಸುವುದು ಆರು ವರ್ಷದವರಿಗೆ ಎಷ್ಟು ಕಷ್ಟ ಅಂತ ಮುಖ ನೋಡಿಯೇ ತಿಳಿಯಬೇಕು. ತುಟಿ ಬಿಗಿಹಿಡಿದು, ಕಣ್ಣೆಲ್ಲ ನಗು.

ಹದಿನೈದು ನಿಮಿಷವಾದರೂ ಸಿಗದಿದ್ದರೆ ಸುಳಿವು ನೋಡಿ. ಸುಳಿವುಗಳನ್ನು ಒಂದು ಸುಲಭದ ಗುಪ್ತಲಿಪಿಯಲ್ಲಿ ಇಡುವುದು ರೂಢಿ. ಇಂಗ್ಲಿಷಿನ ಪ್ರತಿ ಅಕ್ಷರವನ್ನೂ ಹದಿಮೂರು ಮನೆ ಮುಂದಕ್ಕೆ ಸರಿಸಿರುತ್ತಾರೆ. ಎ ಇದ್ದಲ್ಲಿ ಎನ್, ಬಿ ಇದ್ದಲ್ಲಿ ಒ. ಜಿ, ಇ, ಆರ್, ಆರ್ ಅಂತ ಇದ್ದರೆ ಅದು ಟ್ರೀ, ಅಂದರೆ ಮರ. ಆ್ಯಪ್ ತಾನೇ ಬಿಡಿಸಿ ತೋರಿಸುತ್ತದೆ. ಆದರೆ ಎಂಟು ಹತ್ತು ವರ್ಷದವರಿಗೆ ಕಾಗದ ಪೆನ್ಸಿಲ್ ಕೊಟ್ಟು ನೋಡಿ, ಅದೇ ಒಂದು ಆಟವಾಗುತ್ತದೆ.

ನೋಡುವವರಿದ್ದರೆ

ಆಟ ಗೊತ್ತಿಲ್ಲದ ದಾರಿಹೋಕರಿಗೆ ಆಟಗಾರರು ಮಗಲ್ ಅನ್ನುತ್ತಾರೆ. ಅವರೆದುರು ಡಬ್ಬಿ ತೆಗೆದರೆ, ಆಮೇಲೆ ಕುತೂಹಲಕ್ಕೆ ಯಾರಾದರೂ ಎತ್ತಿಕೊಂಡು ಹೋಗಬಹುದು. ಹಾಗಾಗಿ ಅವರು ದಾಟಿ ಹೋಗುವವರೆಗೆ ಕಾಯಿರಿ. ಶೂ ದಾರ ಕಟ್ಟಿ, ಫೋಟೋ ತೆಗೆಯಿರಿ, ಬೆಂಚಿನ ಮೇಲೆ ಕೂತು ತಿಂಡಿ ತಿನ್ನಿ. ಮಕ್ಕಳಿಗೆ ಈ ಪತ್ತೇದಾರಿ ನಾಟಕ ಡಬ್ಬಿಗಿಂತ ಇಷ್ಟ.

ಆದರೆ ನಾಟಕ ಮಿತಿಯಲ್ಲಿರಲಿ. ಶಾಲೆ, ಆಟದ ಮೈದಾನ, ರೈಲು ಹಳಿ, ವಿಮಾನ ನಿಲ್ದಾಣ, ಸೇನೆಯ ಜಾಗ, ಅಣೆಕಟ್ಟು ಇವುಗಳ ಹತ್ತಿರ ಬಾಣ ಕರೆದೊಯ್ದರೆ ಹಿಂದೆ ಬನ್ನಿ. ಪೊದೆಯಲ್ಲಿ ಡಬ್ಬಿ ಹುಡುಕುವವರು ಹೊರಗಿನವರ ಕಣ್ಣಿಗೆ ಹೇಗೆ ಕಾಣುತ್ತಾರೆ ಅಂತ ಒಂದು ಕ್ಷಣ ಯೋಚಿಸಿ. ಪೊಲೀಸರೋ ಕಾವಲುಗಾರರೋ ಬಂದು ಕೇಳಿದರೆ ಕತೆ ಕಟ್ಟಬೇಡಿ. ಆ್ಯಪ್ ತೆರೆದು ತೋರಿಸಿ, ಆಟ ವಿವರಿಸಿ, ಹೋಗಿ ಅಂದರೆ ಹೊರಡಿ.

ಡಬ್ಬಿ ತೆರೆದ ಮೇಲೆ

ಮೊದಲು ಸಹಿ. ಹೆಸರು, ತಾರೀಖು. ಆಮೇಲೆ ಸಾಮಾನು. ತೆಗೆದುಕೊಂಡರೆ ಅದಕ್ಕೆ ಸಮನಾದದ್ದೋ ಅದಕ್ಕಿಂತ ಒಳ್ಳೆಯದೋ ಇಡಬೇಕು. ಏನೂ ಬೇಡವಾದರೆ ಬರೀ ಸಹಿ ಹಾಕಿ ಬಂದರೂ ಆಯಿತು. ತಿನ್ನುವ ಪದಾರ್ಥ ಇಡಬಾರದು. ಪ್ರಾಣಿಗಳು ವಾಸನೆ ಹಿಡಿದು ಬಂದು ಡಬ್ಬಿಯನ್ನೇ ಕಚ್ಚಿ ಹಾಳುಮಾಡುತ್ತವೆ. ಮೊದಲ ಬಕೆಟಿನ ಬೀನ್ಸ್ ಇವತ್ತು ನಿಯಮಕ್ಕೆ ವಿರುದ್ಧ ಅನ್ನುವುದು ತಮಾಷೆ. ಘಮಘಮ ಸೋಪು, ಚಾಕು, ಲೈಟರ್, ಔಷಧಿ, ಮದ್ಯ ಇವೂ ಬೇಡ. ಡಬ್ಬಿ ತೆರೆಯುವವರಲ್ಲಿ ಮಕ್ಕಳೂ ಇರುತ್ತಾರೆ.

ಕೋಡ್ ಕೆತ್ತಿದ ಲೋಹದ ಬಿಲ್ಲೆಯೋ ನಾಣ್ಯವೋ ಸಿಕ್ಕರೆ ಅದು ಟ್ರ್ಯಾಕಬಲ್. ಅದು ಕೊಂಡೊಯ್ದು ಇಟ್ಟುಕೊಳ್ಳುವ ಸಾಮಾನಲ್ಲ, ಪ್ರಯಾಣಿಕ. ಕೋಡ್ ಹಾಕಿದರೆ ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಗಬೇಕು ಅಂತ ತಿಳಿಯುತ್ತದೆ. ನಿಮ್ಮ ದಾರಿ ಆ ಕಡೆಗಿದ್ದರೆ ಮಾತ್ರ ತೆಗೆದುಕೊಂಡು, ಇನ್ನೊಂದು ಡಬ್ಬಿಯಲ್ಲಿ ಇಡಿ. ಪ್ರವಾಸ ಮಾಡುವವರು ಇದಕ್ಕೆ ಒಳ್ಳೆಯ ಅಂಚೆಯವರು. ಮಂಗಳ ಗ್ರಹದಲ್ಲಿ ಓಡಾಡುತ್ತಿರುವ ಪರ್ಸಿವಿಯರೆನ್ಸ್ ರೋವರ್ ಹೊತ್ತೊಯ್ದ ಒಂದು ಪುಟ್ಟ ಫಲಕದ ಮೇಲೂ ಇಂಥ ಕೋಡ್ ಇದೆ. ಮಕ್ಕಳಿಗೆ ಇದನ್ನು ಹೇಳಿದ ದಿನ ರಾತ್ರಿ ಊಟ ತಡವಾಗುತ್ತದೆ, ಎಚ್ಚರಿಕೆ.

ಮುಚ್ಚಳ ಗಟ್ಟಿಯಾಗಿ ಒತ್ತಿ. ಸಿಕ್ಕ ಜಾಗದಲ್ಲೇ, ಸಿಕ್ಕ ಹಾಗೆಯೇ ಇಡಿ. ಇನ್ನೂ ಚೆನ್ನಾಗಿ ಬಚ್ಚಿಡುತ್ತೇನೆ ಅಂತ ನಾಲ್ಕು ಹೆಜ್ಜೆ ಸರಿಸಿದರೆ ಮುಂದೆ ಬರುವವರ ದಿನ ಹಾಳು. ತೆರೆಯುವ ಮುಂಚೆ ಒಂದು ಫೋಟೋ ತೆಗೆದಿಟ್ಟುಕೊಂಡರೆ ಮೂರು ಕಲ್ಲೂ ಮೊದಲಿನ ಹಾಗೇ ನಿಲ್ಲುತ್ತವೆ.

ಡಬ್ಬಿಯೇ ಇಲ್ಲದ ಕ್ಯಾಶ್‌ಗಳು

ಕೆಲವು ಜಾಗಗಳಲ್ಲಿ ಡಬ್ಬಿ ಇಡಲು ಬಿಡುವುದಿಲ್ಲ. ಅಲ್ಲಿ ಅರ್ಥ್‌ಕ್ಯಾಶ್ ಇರಬಹುದು. ಬಂಡೆ, ಜಲಪಾತ, ಬಿಸಿನೀರಿನ ಬುಗ್ಗೆಯಂಥ ಜಾಗಕ್ಕೆ ಹೋಗಿ, ಭೂಮಿಯ ಬಗ್ಗೆ ಕೇಳಿದ ಪ್ರಶ್ನೆಗೆ ಕಣ್ಣಾರೆ ನೋಡಿ ಉತ್ತರ ಬರೆದು ಕಳಿಸಬೇಕು. ಈ ಪದರದ ಬಣ್ಣ ಯಾಕೆ ಬೇರೆ? ಈ ಕಲ್ಲು ಯಾಕೆ ಇಷ್ಟು ನುಣುಪು? ಹನ್ನೆರಡು ದಾಟಿ, ಗೋಲಿ ಕೀಚೈನಿಗೆ ಮೂಗು ಮುರಿಯುವ ಮಕ್ಕಳಿಗೆ ನಾನು ಇದನ್ನೇ ಕೊಡುತ್ತೇನೆ. ಅಡ್ವೆಂಚರ್ ಲ್ಯಾಬ್ ಅನ್ನುವ ಇನ್ನೊಂದು ಆ್ಯಪ್ ಇದೆ. ಪೇಟೆಯಲ್ಲಿ ಒಂದೊಂದು ಜಾಗಕ್ಕೂ ಹೋಗಿ ಅಲ್ಲಿನ ಫಲಕ ಓದಿ ಉತ್ತರ ಹೇಳುವುದು. ಮಳೆಯ ದಿನಕ್ಕೆ, ತಳ್ಳುಗಾಡಿಯಲ್ಲಿ ಮಗು ಇದ್ದಾಗ ಅನುಕೂಲ.

ಪ್ರವಾಸದ ಹುರುಪಿನಲ್ಲಿ ನೀವೂ ಅಲ್ಲೇ ಒಂದು ಡಬ್ಬಿ ಬಚ್ಚಿಡಲು ಹೋಗಬೇಡಿ. ಇಟ್ಟವರು ಆಗಾಗ ಹೋಗಿ ನೋಡಿಕೊಳ್ಳಬೇಕು ಅನ್ನುವುದು ನಿಯಮ, ದೂರದವರು ಇಟ್ಟದ್ದನ್ನು ಸಾಮಾನ್ಯವಾಗಿ ಪ್ರಕಟಿಸುವುದಿಲ್ಲ. ನಿಮ್ಮ ಮನೆಯ ಹತ್ತಿರ ಇಡಿ. ಜಾಗದವರ ಅನುಮತಿ ಬೇಕು, ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್ ದೂರವಿರಬೇಕು, ಡಬ್ಬಿಯ ಮೇಲೆ ಇದು ಆಟದ ಸಾಮಾನು ಅಂತ ಬರೆದಿರಬೇಕು.

ರಾತ್ರಿ, ಮಲಗುವ ಮುಂಚೆ

ಅವತ್ತಿನ ಟಿಪ್ಪಣಿಯನ್ನು ಅವತ್ತೇ ಬರೆಯಿರಿ. ಬರೀ ಟಿಎಫ್‌ಟಿಸಿ ಅಂತ ಹಾಕಿ ಮುಗಿಸುವವರಿದ್ದಾರೆ, ಕ್ಯಾಶ್‌ಗೆ ಥ್ಯಾಂಕ್ಸ್ ಅನ್ನುವುದಕ್ಕೆ ಅದು ಗಿಡ್ಡರೂಪ. ಡಬ್ಬಿ ಇಟ್ಟವರು ದುಡ್ಡಿಗಾಗಿ ಇಟ್ಟವರಲ್ಲ. ಅವರಿಗೆ ಸಿಗುವುದು ನೀವು ಬರೆಯುವ ನಾಲ್ಕು ಸಾಲು ಮಾತ್ರ. ಮಕ್ಕಳು ಹೇಳಲಿ, ನೀವು ಬರೆಯಿರಿ. ಹಾಳೆ ಒದ್ದೆಯಾಗಿದ್ದರೆ, ಮುಚ್ಚಳ ಒಡೆದಿದ್ದರೆ ಅದನ್ನೂ ತಿಳಿಸಿ. ಬಚ್ಚಿಟ್ಟ ಜಾಗ ಗೊತ್ತಾಗುವ ಫೋಟೋ ಹಾಕಬೇಡಿ. ನೀವು ಇನ್ನೂ ಅದೇ ಊರಲ್ಲಿ ಇದ್ದರೆ ಎಲ್ಲಿ ಉಳಿದುಕೊಂಡಿದ್ದೀರಿ ಅಂತಲೂ ಬರೆಯಬೇಡಿ.

ಸಿಗದಿದ್ದರೆ "ಸಿಗಲಿಲ್ಲ" ಅಂತ ದಾಖಲಿಸಿ. ಆಟದವರ ಮಾತಿನಲ್ಲಿ ಡಿಎನ್‌ಎಫ್. ನಾಚಿಕೆ ಬೇಡ, ಇಟ್ಟವರಿಗೆ ಹೋಗಿ ನೋಡಬೇಕು ಅಂತ ಗೊತ್ತಾಗುವುದೇ ಅದರಿಂದ. ಹೋದ ವರ್ಷ ಒಂದು ಹಳೇ ಮೆಟ್ಟಿಲ ಸಾಲಿನಲ್ಲಿ ನಮಗೆ ಒಂದು ಸಿಗಲೇ ಇಲ್ಲ. ಬರೆದು ಹಾಕಿದೆವು. ಎರಡು ದಿನ ಬಿಟ್ಟು ಇಟ್ಟವರು ಉತ್ತರ ಹಾಕಿದ್ದರು: ಹೋಗಿ ನೋಡಿದೆ, ಇದ್ದಲ್ಲೇ ಇದೆ. ಅಷ್ಟರಲ್ಲಿ ನಾವು ಊರಿಗೆ ವಾಪಸಾಗಿದ್ದೆವು. ಮೂರನೇ ಮೆಟ್ಟಿಲ ಹಿಂದೆ ಇತ್ತು, ನಾನು ಹೇಳಿದರೆ ಯಾರೂ ಕೇಳಲಿಲ್ಲ ಅಂತ ಮಗಳು ಈಗಲೂ ವಾದ ಮಾಡುತ್ತಾಳೆ.